ಕೊಬ್ಬರಿ ಮಂಡಿಯಲ್ಲಿ ಅತ್ತಿಗೆಯ ದನಿ

ಗುರುಪ್ರಕಾಶನಿಗೆ ಕಣ್ಣು ಪೂರ್ತಿ ಹೋಗಿ ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಅವನು ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ಡಿ.ಟಿ.ಪಿ. ಕೆಲಸ ಮಾಡುತ್ತಿದ್ದ. ಮದುವೆ ಕಾರ್ಡು, ತಿಥಿ ಕಾರ್ಡು, ಗೃಹಪ್ರವೇಶದ ಕಾರ್ಡು, ಊರಿನ ಎಲ್ಲಾ ಸಮಾಚಾರವೂ ಅವನ ಬೆರಳ ಮೂಲಕವೇ ಹಾದು ಹೋಗುತ್ತಿತ್ತು. ಇಪ್ಪತ್ತೈದರ ಹೊತ್ತಿಗೆ ನೋಟ ಅಕ್ಕಪಕ್ಕದಿಂದ ಮುಚ್ಚಿಕೊಳ್ಳುತ್ತಾ ಬಂತು. ಕೊನೆಗೆ ಕೊಳವೆಯೊಳಗಿಂದ ನೋಡಿದ ಹಾಗೆ ಪರದೆಯ ಮೇಲೆ ಒಂದೊಂದೇ ಅಕ್ಷರ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ.

ಈಗ ಅವನಿದ್ದದ್ದು ಅಣ್ಣ ಸೋಮಶೇಖರನ ಮನೆಯಲ್ಲಿ. ಅಣ್ಣ ದಿನಾ ಬೆಳಿಗ್ಗೆ ರೈಲಿನಲ್ಲಿ ತುಮಕೂರಿಗೆ ಕೆಲಸಕ್ಕೆ ಹೋಗುತ್ತಿದ್ದ. ಅತ್ತಿಗೆ ಸುಮನಾ ಗುಬ್ಬಿಯಲ್ಲೇ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ. ಒಂಬತ್ತೂವರೆಗೆ ಹೊರಡುವ ಮುಂಚೆ ಅವಳು ಎಲ್ಲವನ್ನೂ ಒಪ್ಪಿಸುತ್ತಿದ್ದಳು.

"ಗುರು, ಚಿತ್ರಾನ್ನ ಎಡಗಡೆ ಡಬ್ಬೀಲಿದೆ. ಮೊಸರು ಬಲಗಡೆ. ನೀರು ಕಾಯಿಸಿ ಫ್ಲಾಸ್ಕ್‌ಗೆ ಹಾಕಿದೀನಿ. ಸ್ಟೌ ಹತ್ರ ಹೋಗ್ಬೇಡ. ಏನಾದ್ರೂ ಬೇಕಿದ್ರೆ ಫೋನ್ ಮಾಡು, ಆಯ್ತಾ?"

"ಆಯ್ತು ಅತ್ತಿಗೆ."

ಆಮೇಲೆ ವರಾಂಡದ ಗ್ರಿಲ್ ಗೇಟು ಮುಚ್ಚುವ ಸದ್ದು. ಚಿಲಕ. ಬೀಗ. ಅವಳ ಚಪ್ಪಲಿಯ ಸದ್ದು ಬೀದಿಯಲ್ಲಿ ಕರಗುತ್ತಿತ್ತು. ಸಂಜೆ ಐದೂಮುಕ್ಕಾಲರವರೆಗೆ ಆ ಬೀಗ ತೆಗೆಯುವವರಿರಲಿಲ್ಲ.

ಬೀಗ ಶುರುವಾದದ್ದಕ್ಕೆ ಒಂದು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಗುರು ಒಬ್ಬನೇ ಕೋಲು ಹಿಡಿದು ಹಳೇ ಅಂಗಡಿಗೆ ಹೊರಟಿದ್ದ. ಹಿಟ್ಟಿನ ಗಿರಣಿ ದಾಟಿದ ಮೇಲೆ ಪೈಪು ಹಾಕಲು ತೋಡಿದ್ದ ಗುಂಡಿಗೆ ಬಿದ್ದ. ಮಣಿಕಟ್ಟು ಮುರಿಯಿತು. ಮೇಲೆ ಓಡಾಡುವವರ ಮಾತು ಅವನಿಗೆ ಕೇಳುತ್ತಿತ್ತು. "ಬೆಳಿಗ್ಗೇನೇ ಕುಡಿದು ಬಿದ್ದವ್ನೆ" ಅಂದುಕೊಂಡು ಒಬ್ಬರ ಹಿಂದೆ ಒಬ್ಬರು ಮುಂದೆ ಹೋದರು. ಒಂದೂವರೆ ಗಂಟೆ ಆದ ಮೇಲೆ ಹುಡುಕಿಕೊಂಡು ಬಂದವಳು ಅತ್ತಿಗೆ. ಕೆಸರಿನೊಳಗೆ ಇಳಿದು ಅವನನ್ನು ಎತ್ತಿದವಳೂ ಅವಳೇ. ಮಾರನೇ ವಾರದಿಂದ ಗೇಟಿಗೆ ಬೀಗ ಬಿತ್ತು. ಕಳ್ಳರ ಕಾಟ ಅಂತ ಅತ್ತಿಗೆ ಅಂದಳು.

ಮನೆಯೊಳಗೆ ಕೂತ ಅವನಿಗೆ ಕಂಪ್ಯೂಟರನ್ನು ಮತ್ತೆ ಕೈಗೆ ಕೊಟ್ಟವಳು ತೇಜಸ್ವಿನಿ. ಅವಳು ಹುಟ್ಟಾ ಕಣ್ಣಿಲ್ಲದವಳು, ತುಮಕೂರಿನ ಒಂದು ಬ್ಯಾಂಕಿನಲ್ಲಿ ಕೆಲಸ, ಕ್ಯಾತ್ಸಂದ್ರದಲ್ಲಿ ಒಂದು ರೂಮು ಮಾಡಿಕೊಂಡು ಒಬ್ಬಳೇ ಇದ್ದಳು. ಹೊಸದಾಗಿ ಕಣ್ಣು ಕಳೆದುಕೊಂಡವರಿಗೆ ಭಾನುವಾರ ಭಾನುವಾರ ಫೋನಿನಲ್ಲೇ ಸ್ಕ್ರೀನ್ ರೀಡರ್ ಕಲಿಸುತ್ತಿದ್ದಳು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಅದು. ಮೊದಮೊದಲು ಅದರ ತಗಡಿನಂಥ ದನಿ ಗುರುವಿನ ತಲೆ ಕೊರೆಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಕಣ್ಣಿಲ್ಲದವರು ಬರೀ ಸದ್ದು ಕೇಳಿಕೊಂಡು ಆಡುವ ಆಟಗಳನ್ನು ಅವನಿಗೆ ತೋರಿಸಿದವಳೂ ತೇಜಸ್ವಿನಿಯೇ. ಎಡಗಿವಿಯಲ್ಲಿ ಹೆಜ್ಜೆ, ಬಲಗಿವಿಯಲ್ಲಿ ನೀರು, ಹಿಂದಿನಿಂದ ಬಾಗಿಲು. ಆಡುತ್ತಾ ಆಡುತ್ತಾ ಒಂದು ದಿನ ಗುರು, "ಇವೆಲ್ಲಾ ಇಂಗ್ಲೀಷಲ್ಲೇ ಇದಾವಲ್ಲಾ, ನಾವೇ ಒಂದು ಮಾಡಣ್ವಾ?" ಅಂದ.

ಒಂದು ವರ್ಷ ಹಿಡಿಯಿತು. ಆಟಕ್ಕೆ ಅವನಿಟ್ಟ ಹೆಸರು 'ಕೊಬ್ಬರಿ ಮಂಡಿ'. ದೊಡ್ಡದೊಂದು ಕೊಬ್ಬರಿ ಗೋಡೌನಿನಲ್ಲಿ ಆಟಗಾರ ಸಿಕ್ಕಿಹಾಕಿಕೊಂಡಿದ್ದಾನೆ, ಶಟರ್ ಎಳೆದು ಎಲ್ಲರೂ ಹೋಗಿದ್ದಾರೆ. ಮೂಟೆಗಳ ನಡುವೆ ದಾರಿ ಹುಡುಕುತ್ತಾ, ತೊಟ್ಟಿಕ್ಕುವ ನಲ್ಲಿಯನ್ನೂ ಹೆದ್ದಾರಿಯ ಲಾರಿ ಹಾರನ್ನನ್ನೂ ಗುರುತಿಟ್ಟುಕೊಂಡು ಹಿಂಬಾಗಿಲಿಗೆ ಬರಬೇಕು. ಸದ್ದುಗಳೆಲ್ಲಾ ಚೆನ್ನಾಗಿ ಕೂತವು. ಆದರೆ ಮಾತು? ಎಲ್ಲಿದ್ದೀಯ, ಮುಂದೆ ಏನಿದೆ, ಕೈಗೆ ಏನು ಸಿಕ್ಕಿತು ಅಂತ ಆಟ ಹೇಳಬೇಕಲ್ಲ, ಅದನ್ನು ಯಾರ ದನಿಯಲ್ಲಿ ಹೇಳಿಸುವುದು?

ಮೂರು ದಾರಿ ಇದ್ದವು. ಆಡುವವರ ಸ್ಕ್ರೀನ್ ರೀಡರ್‌ಗೇ ಆ ಸಾಲುಗಳನ್ನು ಕೊಟ್ಟು ಓದಿಸುವುದು. ಇಲ್ಲವೇ ಕಂಪ್ಯೂಟರಿನ ಜೊತೆಗೇ ಬಂದಿರುವ ದನಿಯನ್ನು ಬಳಸುವುದು. ಆದರೆ ಹಳೇ ಕಂಪ್ಯೂಟರುಗಳಲ್ಲಿ ಕನ್ನಡದ ದನಿ ಇರುತ್ತದೆಂಬ ನಂಬಿಕೆಯಿಲ್ಲ, ಹಾಗಾಗಿ ಅದನ್ನು ಅವನು ಅಲ್ಲಿಗೇ ಬಿಟ್ಟ. ಮೂರನೆಯದು, ಮನುಷ್ಯರ ದನಿಯನ್ನೇ ರೆಕಾರ್ಡ್ ಮಾಡಿ ಆಟದೊಳಗೆ ಇಡುವುದು.

"ಮನುಷ್ಯರ ದನಿ ಅಂದ್ರೆ ಯಾರ್ದು?" ಅತ್ತಿಗೆ ಕೇಳಿದಳು.

"ನಿಮ್ದೇ."

ಸುಮನಾ ನಕ್ಕುಬಿಟ್ಟಳು. ನಕ್ಕರೂ ಮುಂದಿನ ಭಾನುವಾರವೇ ಉಗ್ರಾಣದ ಕೋಣೆಯಲ್ಲಿ ರಾಗಿ ಮೂಟೆಗಳ ನಡುವೆ ಕಂಬಳಿ ಕಟ್ಟಿಸಿ, ಫ್ಯಾನ್ ಆರಿಸಿ, ಬೆವರುತ್ತಾ ಕೂತಳು. ಗುರು ಒಂದೊಂದೇ ಸಾಲು ಹೇಳಿಕೊಡುತ್ತಿದ್ದ. ಅವನು "ಎಡಕ್ಕೆ ಗೋಡೆ" ಅಂದರೆ ಅವಳು, "ಎಡಗಡೆ ಗೋಡೆ ಇದೆ, ನಿಧಾನ ಕಣೋ, ಕೈ ಚಾಚಿ ನೋಡ್ಕೋ" ಅನ್ನುತ್ತಿದ್ದಳು. "ಮುಂದೆ ಮೆಟ್ಟಿಲು" ಅಂದರೆ, "ಅಲ್ಲೇ ನಿಂತ್ಕೋ, ಮುಂದೆ ಮೆಟ್ಟಿಲಿದೆ, ಅವಸರ ಮಾಡ್ಬೇಡ." ಅವನಿಗೆ ಅದು ಚೆನ್ನಾಗೇ ಕೇಳಿಸಿತು. ಹಾಗೇ ಬಿಟ್ಟ. ಇನ್ನೂರಕ್ಕೂ ಹೆಚ್ಚು ಸಾಲುಗಳಾದವು. ಆ ಕೆಲವು ಭಾನುವಾರ ಮನೆಯಲ್ಲಿ ನಗು ಇತ್ತು. ಅಣ್ಣನೂ ಬಾಗಿಲಲ್ಲಿ ನಿಂತು, "ಏನೇ, ರೇಡಿಯೋದವಳ ತರ ಮಾತಾಡ್ತೀಯಲ್ಲೇ" ಅಂದಿದ್ದ.

ಎರಡು ದನಿ ಒಂದರ ಮೇಲೊಂದು ಬೀಳಬಾರದೆಂದು ಗುರು ಆಟದೊಳಗೆ ಇನ್ನೊಂದು ಏರ್ಪಾಡು ಮಾಡಿದ. ಆಟ ಶುರುವಾದ ತಕ್ಷಣ ಆಡುವವರ ಸ್ಕ್ರೀನ್ ರೀಡರ್ ಸುಮ್ಮನಾಗಬೇಕು. ಕೀಬೋರ್ಡ್ ಪೂರ್ತಿ ಆಟದ ಕೈಗೆ ಬರಬೇಕು. ಅತ್ತಿಗೆಯ ದನಿ ಒಂದೇ ಕೇಳಬೇಕು.

ಪರೀಕ್ಷೆಗೆಂದು ನಾಲ್ಕೈದು ಜನಕ್ಕೆ ಕಳಿಸಿದ. ಮೊದಲು ಫೋನ್ ಮಾಡಿದವರು ಕುಣಿಗಲ್ಲಿನ ಪುಟ್ಟರಂಗಯ್ಯ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ಸಕ್ಕರೆ ಕಾಯಿಲೆಯಿಂದ ಅರವತ್ತರ ಮೇಲೆ ಕಣ್ಣು ಹೋಗಿತ್ತು. ಸ್ಕ್ರೀನ್ ರೀಡರ್ ಅವರ ತಲೆಗೆ ಹತ್ತಿರಲಿಲ್ಲ. ಸೊಸೆ ಆಟವನ್ನು ಶುರುಮಾಡಿ ಕೊಟ್ಟು ಹೋಗುತ್ತಿದ್ದಳು.

"ಏನಪ್ಪಾ ಗುರು, ಎರಡು ಗಂಟೆ ಕುಂತಿದ್ದೆ ಕಣಪ್ಪಾ!" ಅವರ ದನಿ ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತಿತ್ತು. "ಆ ಯಮ್ಮ ಪಕ್ಕದಾಗೇ ನಿಂತ್ಕಂಡು ಹೇಳ್ದಂಗೆ ಆಯ್ತದೆ. ಯಾರಪ್ಪಾ ಆಕೆ?"

"ನಮ್ಮತ್ತಿಗೆ ಸಾರ್."

"ನೂರ್ ವರ್ಸ ಬದುಕ್ಲಿ."

ಸುಮನಾ ಅಂದು ಸಂಜೆಯೆಲ್ಲ ಅದನ್ನೇ ಹೇಳಿಕೊಂಡು ಓಡಾಡಿದಳು. ಮಾರನೇ ದಿನ ತೇಜಸ್ವಿನಿ ಫೋನ್ ಮಾಡಿದಳು.

"ಸದ್ದುಗಳು ಸೂಪರ್ ಗುರು. ಆದ್ರೆ ಮಾತು ಕಷ್ಟ."

"ಯಾಕೆ? ದನಿ ಚೆನ್ನಾಗಿಲ್ವಾ?"

"ದನಿ ತುಂಬಾ ಚೆನ್ನಾಗಿದೆ. ನಾನು ಅದೇ ಗೋಡೆಗೆ ಎಂಟು ಸಲ ಬಂದೆ. ಎಂಟು ಸಲಾನೂ ನಿಮ್ಮತ್ತಿಗೆ 'ನಿಧಾನ ಕಣೋ, ಕೈ ಚಾಚಿ ನೋಡ್ಕೋ' ಅಂತ ಪೂರ್ತಿ ಹೇಳಿ ಮುಗಿಸೋವರ್ಗೂ ನಾನು ನಿಂತಿರ್ಬೇಕು. ಮಧ್ಯದಲ್ಲಿ ನಿಲ್ಸಕ್ಕಾಗಲ್ಲ, ಸ್ಪೀಡ್ ಮಾಡಕ್ಕಾಗಲ್ಲ. ನಂಗೆ ಉಸಿರು ಕಟ್ಟೋ ಹಾಗಾಯ್ತು ಗುರು, ಬೇಜಾರ್ ಮಾಡ್ಕೋಬೇಡಿ."

"ಅವ್ರು ಎಷ್ಟು ಕಷ್ಟಪಟ್ಟು ಹೇಳಿದ್ದಾರೆ ಗೊತ್ತಾ?"

"ಗೊತ್ತು. ಆದ್ರೆ ನನ್ನ ಸ್ಕ್ರೀನ್ ರೀಡರ್ ಬಾಯಿ ಕಟ್ಟಿ ಹಾಕಿದೀರಲ್ಲ, ಅದು ಯಾಕೆ? ಅದರ ದನಿ ತಗಡಾದ್ರೂ ನಂದು. ಎಷ್ಟು ಜೋರಾಗಿ ಓಡ್ಬೇಕು ಅಂತ ನಾನು ಹೇಳ್ತೀನಿ. ಸಾಕು ಅಂದ್ರೆ ಸುಮ್ನಾಗುತ್ತೆ."

ಗುರುವಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಎರಡು ದಿನ ಆಟವನ್ನು ಇನ್ನಷ್ಟು ತಿದ್ದಿದ. ಹೊಸ ಕೋಣೆಗಳನ್ನು ಸೇರಿಸಿದ. ಅತ್ತಿಗೆಯ ರೆಕಾರ್ಡಿಂಗುಗಳನ್ನು ಬೇರೆ ಫೋಲ್ಡರಿಗೆ ಹಾಕಿ ಒಪ್ಪ ಮಾಡಿದ. ಮೂರನೇ ದಿನ, ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಸೇವ್ ಮಾಡುವುದಕ್ಕೆ ಮೊದಲೇ ಒಂದು ಸಲ ಓಡಿಸಿ ನೋಡೋಣವೆಂದು ಆಟವನ್ನು ಶುರುಮಾಡಿದ.

ಏನೂ ಕೇಳಲಿಲ್ಲ.

ಎಂಟರ್ ಒತ್ತಿದ. ಎಸ್ಕೇಪ್ ಒತ್ತಿದ. ಆಟದ ನಲ್ಲಿಯ ಸದ್ದೂ ಇಲ್ಲ, ಸ್ಕ್ರೀನ್ ರೀಡರ್ ಸಹ ಇಲ್ಲ. ಫೋಲ್ಡರ್ ಬದಲಾಗಿದ್ದರಿಂದ ಆಟಕ್ಕೆ ಅತ್ತಿಗೆಯ ದನಿ ಸಿಕ್ಕಿಲ್ಲವೆಂದು ಅವನಿಗೆ ಹೊಳೆಯಿತು. ತಪ್ಪಾಗಿದೆಯೆಂಬ ಸೂಚನೆ ಏನೋ ಪರದೆಯ ಮೇಲೆ ಬಂದು ನಿಂತಿರಬೇಕು. ಅದನ್ನು ಓದಬೇಕಾದದ್ದರ ಬಾಯನ್ನು ಅವನೇ ಕಟ್ಟಿದ್ದಾನೆ. ಲ್ಯಾಪ್‌ಟಾಪ್ ಆರಿಸಿದರೆ ಎರಡು ದಿನದ ಕೆಲಸ ಹೋಗುತ್ತದೆ. ಇರುವ ಕೀಗಳನ್ನೆಲ್ಲಾ ಒಂದೊಂದಾಗಿ ಒತ್ತಿದ. ಫೋನಿನ ಕ್ಯಾಮೆರಾ ಹಿಡಿದು ಓದಿಸಿದ. "ಕಪ್ಪು ಪರದೆ, ಕಿಟಕಿಯ ಸರಳುಗಳು" ಅಂತ ಫೋನು ಹೇಳಿತು. ಪರದೆಯಲ್ಲಿ ಮೂಡಿದ ಕಿಟಕಿಯ ಪ್ರತಿಬಿಂಬವಷ್ಟೇ ಅದಕ್ಕೆ ಕಂಡಿತ್ತು. ಅತ್ತಿಗೆಗೆ ಫೋನ್ ಮಾಡಿದ, ಎತ್ತಲಿಲ್ಲ. ತೇಜಸ್ವಿನಿ ಬ್ಯಾಂಕಿನ ಕೌಂಟರಿನಲ್ಲಿರುವ ಹೊತ್ತು, ಫೋನಿಗೆ ಸಿಗುವುದಿಲ್ಲ.

ಆಗ ಬೀದಿಯಲ್ಲಿ "ಸೊಪ್ಪೋ, ದಂಟು, ಸಬ್ಬಕ್ಕಿ" ಅಂತ ಕೂಗುವುದು ಕೇಳಿಸಿತು. ಪುಟ್ಟಗಂಗಮ್ಮ. ವಾರಕ್ಕೆರಡು ಸಲ ಬೀದಿ ಮೇಲೆ ಬರುವವಳು, ಅವನು ದನಿಯಿಂದಷ್ಟೇ ಬಲ್ಲ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಗೋಡೆ ಸವರುತ್ತಾ ವರಾಂಡಕ್ಕೆ ಬಂದ.

"ಅಮ್ಮಾ, ಅಮ್ಮಾ, ಒಂದ್ನಿಮಿಷ!"

ಕುಕ್ಕೆ ಇಳಿಸಿದ ಸದ್ದು. "ಏನಪ್ಪಾ?"

"ಇದರ ಮೇಲೆ ಏನ್ ಬಂದಿದೆ ಸ್ವಲ್ಪ ನೋಡಿ ಹೇಳ್ತೀರಾ?"

ಅವಳು ಗ್ರಿಲ್ಲಿಗೆ ಮುಖ ಹತ್ತಿಸಿದಳೆಂದು ಅವನಿಗೆ ಗೊತ್ತಾಯಿತು. ಎಲೆಯಡಿಕೆ ವಾಸನೆ ಬಂತು. "ನಂಗೆ ಅಕ್ಸರ ಬರಾಕಿಲ್ಲ ಕಣಪ್ಪಾ. ಇಂಗ್ಲೀಸು ಇದ್ದಂಗದೆ. ಒಂದು ಕೆಂಪು ಗುರ್ತು ಅದೆ. ಕೆಳಗೊಂದು ಚೌಕ ಅದೆ, ಮುಟ್ಟಾದು ಇದ್ದಂಗೆ. ಬಾಗ್ಲು ತೆಗಿ, ನಿನ್ ಬೆಟ್ಟು ಹಿಡ್ಕಂಡು ತೋರುಸ್ತೀನಿ."

"ಬಾಗ್ಲು... ಬೀಗ ಹಾಕಿದೆ."

"ತೆಗಿ ಮತ್ತೆ."

"ಕೀ ಇಲ್ಲ ನನ್ ಹತ್ರ."

ಅವಳು ಬೀಗವನ್ನು ಕೈಯಲ್ಲಿ ಎತ್ತಿ ಬಿಟ್ಟಳು. ಅದು ಕಬ್ಬಿಣಕ್ಕೆ ಬಡಿಯಿತು. "ಯಾರ್ ಹಾಕವ್ರೆ?"

"ಅತ್ತಿಗೆ. ಕಳ್ಳರ ಕಾಟ ಅಂತ."

"ಕಳ್ರಿಗೆ ಹಾಕಿದ್ರೆ ಕೀ ನಿನ್ ತಾವ ಇರ್ಬೇಕಿತ್ತಲ್ಲಪ್ಪಾ."

ಲ್ಯಾಪ್‌ಟಾಪಿನ ಬಿಸಿ ಅವನ ಎದೆಗೆ ತಾಗುತ್ತಿತ್ತು. ಸರಳುಗಳ ನಡುವಿನ ಸಂದಿಯಲ್ಲಿ ಅವನ ಕೈ ಹೊರಗೆ ಹೋಗುತ್ತಿತ್ತು, ಲ್ಯಾಪ್‌ಟಾಪ್ ಹೋಗುತ್ತಿರಲಿಲ್ಲ. ಅವಳು ಒಂದು ಗಳಿಗೆ ನಿಂತು, "ಬೆಂಕಿ ಗಿಂಕಿ ಬಿದ್ರೆ ಏನ್ ಮಾಡ್ತೀಯೋ ಮಗಾ" ಅಂತ ತನ್ನಷ್ಟಕ್ಕೇ ಅಂದು, ಕುಕ್ಕೆ ಹೊತ್ತುಕೊಂಡು ಹೋದಳು.

ಅವನು ಒಳಗೆ ಬಂದು ಪವರ್ ಬಟನ್ ಒತ್ತಿ ಹಿಡಿದ. ಲ್ಯಾಪ್‌ಟಾಪಿನೊಳಗಿನ ಫ್ಯಾನು ನಿಂತಿತು. ಎರಡು ದಿನದ ಕೆಲಸ ಹೋಯಿತು. ಚಿತ್ರಾನ್ನ ಎಡಗಡೆ ಡಬ್ಬಿಯಲ್ಲಿ ಹಾಗೇ ಉಳಿಯಿತು.

ನಾಲ್ಕು ವರ್ಷದಲ್ಲಿ ಒಂದು ದಿನವೂ ಅವನು ಆ ಗೇಟನ್ನು ಒಳಗಿನಿಂದ ಅಲುಗಾಡಿಸಿ ನೋಡಿರಲಿಲ್ಲ. ಅಂದು ಮಧ್ಯಾಹ್ನ ಹೋಗಿ ಅಲುಗಾಡಿಸಿದ. ಅದು ತೆರೆಯುವುದಿಲ್ಲವೆಂದು ಗೊತ್ತಿದ್ದೇ ಅಲುಗಾಡಿಸಿದ. ಎದುರುಮನೆಯ ಲಕ್ಷ್ಮೀದೇವಮ್ಮ ಮಹಡಿಯಿಂದ, "ಏನ್ ಗುರು, ಏನಾದ್ರೂ ಬೇಕಿತ್ತಾ? ಸುಮನಂಗೆ ಫೋನ್ ಮಾಡ್ಲಾ?" ಅಂತ ಕೂಗಿದಾಗ ಕೈ ಬಿಟ್ಟು, "ಇಲ್ಲ ಆಂಟಿ, ಏನಿಲ್ಲ" ಅಂದು ಒಳಗೆ ಬಂದ.

ಸಂಜೆ ಅತ್ತಿಗೆಗೆ ಏನೂ ಹೇಳಲಿಲ್ಲ. ಒಂದು ವಾರ ಕೂತು ಆಟವನ್ನು ಬಿಚ್ಚಿದ. ಸ್ಕ್ರೀನ್ ರೀಡರ್ ಅನ್ನು ಸುಮ್ಮನಾಗಿಸುವ ಆ ಏರ್ಪಾಡನ್ನು ಮೊದಲು ಅಳಿಸಿದ. ಆಮೇಲೆ ಅತ್ತಿಗೆಯ ಇನ್ನೂರು ಚಿಲ್ಲರೆ ಸಾಲುಗಳನ್ನೂ ತೆಗೆದ. ಎಲ್ಲಾ ಮಾತೂ ಆಡುವವರ ಸ್ಕ್ರೀನ್ ರೀಡರ್ ಮೂಲಕವೇ ಬರುವಂತೆ ಮಾಡಿ ಎಲ್ಲರಿಗೂ ಮತ್ತೆ ಕಳಿಸಿದ. ತೇಜಸ್ವಿನಿ ಅವತ್ತೇ ಮೆಸೇಜು ಹಾಕಿದಳು: ಹನ್ನೊಂದು ನಿಮಿಷದಲ್ಲಿ ಮಂಡಿಯಿಂದ ಆಚೆ ಬಂದೆ.

ಶನಿವಾರ ಸಂಜೆ, ಸುಮನಾ ಹುರುಳಿಕಾಯಿ ಬಿಡಿಸುತ್ತಾ ಅಲ್ಲೇ ಕೂತಿದ್ದಾಗ, ಪುಟ್ಟರಂಗಯ್ಯನವರ ಫೋನು ಬಂತು. ಗುರು ಸ್ಪೀಕರಿನಲ್ಲಿಟ್ಟ.

"ಏನಪ್ಪಾ ಮಾಡ್ಬುಟ್ಟೆ? ಆ ಯಮ್ಮನ್ನ ಎಲ್ಲಿಗ್ ಕಳಿಸ್ದೆ?"

"ಸಾರ್, ಅದೂ..."

"ಸೊಸೆ ಸುರು ಮಾಡ್ಕೊಟ್ಟು ಹೋದ್ಲು. ಒಂದ್ ಮಾತಿಲ್ಲ. ನಲ್ಲಿ ತೊಟ್ಟಿಕ್ತಾ ಅದೆ, ಲಾರಿ ಕೂಗ್ತಾ ಅದೆ, ಹೇಳೋರೇ ಇಲ್ಲ. ಮಂಡಿ ಒಳಗೆ ಹಂಗೇ ನಿಂತಿವ್ನಿ ಕಣಪ್ಪಾ, ಎತ್ತಾಗ್ ಹೋಗ್ಬೇಕು ನಾನು?"

ಹುರುಳಿಕಾಯಿ ಬಿಡಿಸುವ ಸದ್ದು ನಿಂತಿತು. ಸರಿ ಮಾಡ್ತೀನಿ ಅಂತ ಹೇಳಿ ಗುರು ಫೋನ್ ಇಟ್ಟ.

"ನನ್ನ ತೆಗ್ದುಬಿಟ್ಯಾ?"

"ಅತ್ತಿಗೆ..."

"ಹೇಳ್ಬೋದಿತ್ತಲ್ಲೋ. ಆ ಸೆಕೇಲಿ ಕೂತು ಹೇಳಿದ್ದು ನಾನು."

"ನೀವು ಗೇಟಿಗೆ ಬೀಗ ಹಾಕೋ ಮುಂಚೆ ನಂಗೆ ಹೇಳಿದ್ರಾ?"

ಎಲ್ಲಿಂದ ಬಂತೋ ಆ ಮಾತು, ಅವನಿಗೇ ಗೊತ್ತಾಗಲಿಲ್ಲ. ಒಳಗಿನ ಕೋಣೆಯಲ್ಲಿ ಟೀವಿಯ ಸದ್ದು ಕಡಿಮೆಯಾಯಿತು. ಅಣ್ಣ ಕೇಳಿಸಿಕೊಳ್ಳುತ್ತಿದ್ದ.

"ಕಳ್ರು ಬರ್ತಾರೆ ಅಂತ..."

"ಕಳ್ರಿಗೆ ಅಲ್ಲ ಅತ್ತಿಗೆ. ನಂಗೆ ಹಾಕಿದ್ದು ಅದು. ಮೊನ್ನೆ ಸೊಪ್ಪಿನಮ್ಮಂಗೂ ಅದು ಗೊತ್ತಾಯ್ತು. ನಾನು ಗ್ರಿಲ್ ಹಿಡ್ಕೊಂಡು ನಿಂತಿದ್ದೆ."

ಸುಮನಾಳ ದನಿ ಒಡೆಯಿತು. "ನಿಂಗೇನೋ ಗೊತ್ತು? ನೀನು ಗುಂಡಿ ಒಳಗಿದ್ದೆ. ಮೇಲಿದ್ದೋಳು ನಾನು. ಇಡೀ ಬೀದಿ ಹುಡುಕಿ, ಎರಡು ಸಲ ಅದೇ ಗುಂಡಿ ಪಕ್ಕ ಹಾದು ಹೋಗಿದ್ದೆ, ನೋಡ್ಲಿಲ್ಲ. ಮೂರನೇ ಸಲಕ್ಕೆ ನಿನ್ ಚಪ್ಪಲಿ ಕಾಣಿಸ್ತು. ಆ ದಿನದಿಂದ ಆಫೀಸಲ್ಲಿ ಕೂತಿದ್ರೂ ನಂಗೆ ಅದೇ ಚಪ್ಪಲಿ ಕಾಣ್ಸುತ್ತೆ. ಬೀಗ ಹಾಕಿದ್ರೆ ಮಾತ್ರ ನಂಗೆ ಕೆಲಸ ಮಾಡಕ್ಕಾಗೋದು."

ಅವಳು ಎರಡು ಸಲ ಪಕ್ಕದಲ್ಲೇ ಹಾದುಹೋಗಿದ್ದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಅಣ್ಣ ಬಾಗಿಲಿಗೆ ಬಂದು, "ನೋಡಣ ಬಿಡು, ಇಬ್ರೂ ಸುಮ್ನಿರಿ" ಅಂದ. ಆ ವಾರ ಗೇಟಿನ ಬೀಗ ಹಾಗೇ ಇತ್ತು. ಅತ್ತಿಗೆ ಹೊರಡುವಾಗ ಚಿತ್ರಾನ್ನ ಯಾವ ಕಡೆ ಅಂತ ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಅವನು ಡಬ್ಬಿಗಳನ್ನು ಮೂಸಿ ನೋಡಿ ತಿಂದ.

ಪುಟ್ಟರಂಗಯ್ಯನವರ ಮಾತು ಅವನನ್ನು ಬಿಡಲಿಲ್ಲ. ತೇಜಸ್ವಿನಿಗೆ ಫೋನ್ ಮಾಡಿ ಹೇಳಿದ. ಅವಳೂ ಯೋಚಿಸಿದಳು.

"ನಾನು ನನ್ನಂಥೋರ್ನ ಮಾತ್ರ ನೆನೆಸ್ಕೊಂಡೆ ಗುರು. ಎರಡೂ ಇಡಿ. ಆಡೋರು ಆರಿಸ್ಕೊಳ್ಲಿ."

"ಆರಿಸ್ಕೊಳ್ಳಿ ಅಂತ ಮೊದಲು ಯಾವ ದನೀಲಿ ಕೇಳೋದು? ಅವ್ರಿಗೆ ಸ್ಕ್ರೀನ್ ರೀಡರೇ ಇಲ್ಲ."

"ಹಂಗಾದ್ರೆ ಮೊದಲ್ನೇ ಮಾತು ಮನುಷ್ಯರ್ದೇ ಇರ್ಲಿ. ಆದ್ರೆ ಯಾವ ಕೀ ಒತ್ತಿದ್ರೂ ಅದು ತಕ್ಷಣ ನಿಲ್ಬೇಕು. ಯಾವಾಗ ಬೇಕಾದ್ರೂ ಬದಲಾಯಿಸೋ ಹಂಗಿರ್ಬೇಕು. ಸಾಲುಗಳು ಚಿಕ್ಕದಿರ್ಲಿ."

ಅದನ್ನು ಅತ್ತಿಗೆಗೆ ಹೇಳಲು ಅವನಿಗೆ ಮೂರು ದಿನ ಬೇಕಾಯಿತು. ಅವಳು ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡಳು.

"ಅಂದ್ರೆ ನಾನು ಮಾತಾಡ್ತಿರೋವಾಗ್ಲೇ ಬಾಯಿ ಮುಚ್ಚಿಸ್ತಾರೆ."

"ಹೂಂ. ಬೇಕು ಅಂದೋರು ಪೂರ್ತಿ ಕೇಳ್ತಾರೆ. ಪುಟ್ಟರಂಗಯ್ಯನವ್ರು ಪೂರ್ತಿ ಕೇಳ್ತಾರೆ."

ಅವಳು ನಲ್ಲಿ ನಿಲ್ಲಿಸಿದಳು. "ಭಾನುವಾರ ಕೂರಣ" ಅಂದಳು.

ಈ ಸಲ ಅವಳು ಸಾಲುಗಳನ್ನು ಬೆಳೆಸಲಿಲ್ಲ. "ಎಡಕ್ಕೆ ಗೋಡೆ." "ಮುಂದೆ ಮೆಟ್ಟಿಲು." "ಬಲಕ್ಕೆ ದಾರಿ." ಪ್ರತಿ ಸಾಲಿನ ಕೊನೆಗೂ ಅವಳ ಗಂಟಲಲ್ಲಿ ಇನ್ನೊಂದು ಮಾತು ಬಂದು ನಿಲ್ಲುವುದು ಗುರುವಿಗೆ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಆ ಉಸಿರುಗಳನ್ನು ಅವನು ಆಮೇಲೆ ಕತ್ತರಿಸಿ ತೆಗೆದ. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ನಗು ಇರಲಿಲ್ಲ, ಜಗಳವೂ ಇರಲಿಲ್ಲ.

ಆಟ ಹೊರಬಂತು. ಎಲ್ಲೆಲ್ಲಿಯವರೋ ಆಡಿ ಬರೆದರು. ಪುಟ್ಟರಂಗಯ್ಯ ನಾಲ್ಕನೇ ದಿನ ಹಿಂಬಾಗಿಲು ಮುಟ್ಟಿ, ಫೋನಿನಲ್ಲಿ ಸೀಟಿ ಊದಿ ತೋರಿಸಿದರು. ಅದರ ಮುಂದಿನ ಸೋಮವಾರ ಅಣ್ಣ ಯಾರಿಗೂ ಏನೂ ಹೇಳದೆ ಬೀಗಕ್ಕೆ ಇನ್ನೊಂದು ಕೀ ಮಾಡಿಸಿಕೊಂಡು ಬಂದು ಗುರುವಿನ ಕೈಯಲ್ಲಿಟ್ಟ. ಸುಮನಾ ಒಂದು ಷರತ್ತು ಹಾಕಿದಳು: ಆಚೆ ಹೋಗುವ ಮುಂಚೆ ಒಂದು ಫೋನು, ಬಂದ ಮೇಲೆ ಒಂದು ಫೋನು. ಅವನು ಒಪ್ಪಿದ.

ಗ್ರಿಲ್ಲಿನ ಸಂದಿಯಿಂದ ಕೈ ಹಾಕಿ ಬೀಗ ತೆಗೆಯುವುದನ್ನು ಒಂದೇ ದಿನದಲ್ಲಿ ಕಲಿತ. ಗೇಟಿನಾಚೆ ಹೋಗುವುದು ಅಷ್ಟು ಸುಲಭವಾಗಲಿಲ್ಲ. ಮೊದಲ ದಿನ ಮೆಟ್ಟಿಲಿನ ಮೇಲೆ ನಿಂತು ವಾಪಸ್ ಬಂದ. ಎರಡನೇ ವಾರಕ್ಕೆ ಹಿಟ್ಟಿನ ಗಿರಣಿಯವರೆಗೆ ಬಂದ. ಗಿರಣಿಯ ಬೆಲ್ಟು ತಿರುಗುವ ಸದ್ದು ಹತ್ತಿರವಾದ ಕೂಡಲೇ ಕಾಲು ತಾನಾಗಿ ನಿಲ್ಲುತ್ತಿತ್ತು. ಆ ಗುಂಡಿ ಮುಚ್ಚಿ ಮೂರು ವರ್ಷವಾಗಿದೆಯೆಂದು ಅಣ್ಣ ಹೇಳಿದ್ದ. ಅದು ಕಾಲಿಗೆ ಗೊತ್ತಿರಲಿಲ್ಲ.

"ರೈಲು ಹತ್ತಿ ಕ್ಯಾತ್ಸಂದ್ರಕ್ಕೆ ಬನ್ನಿ. ಸ್ಟೇಷನ್ನಿಗೆ ನಾನೇ ಬರ್ತೀನಿ. ಮುಂದಿನ ಆಟದ ಬಗ್ಗೆ ಕೂತು ಮಾತಾಡಣ" ಅಂತ ತೇಜಸ್ವಿನಿ ಕರೆದಳು.

"ಮುಂದಿನ ತಿಂಗಳು" ಅಂದ. ಅದರ ಮುಂದಿನ ತಿಂಗಳೂ ಅದನ್ನೇ ಅಂದ.

ಒಂದು ಭಾನುವಾರ ಮಧ್ಯಾಹ್ನ ಅವನು ಚಪ್ಪಲಿ ಮೆಟ್ಟುವಾಗ ಸುಮನಾ, "ಇವತ್ತು ನಾನು ಹಿಂದೆ ಬರ್ಲಾ?" ಅಂತ ಕೇಳಿದಳು. "ಮಾತಾಡಲ್ಲ. ಹತ್ತು ಹೆಜ್ಜೆ ಹಿಂದೆ ಇರ್ತೀನಿ ಅಷ್ಟೆ."

ಅವನು ಯೋಚಿಸಿ, "ಬನ್ನಿ" ಅಂದ.

ಕೋಲು ತಟ್ಟುತ್ತಾ ಹೊರಟ. ಅವಳ ಚಪ್ಪಲಿ ಹಿಂದೆ ಬರುತ್ತಿತ್ತು. ಗಿರಣಿ ಬಂತು. ಅವನು ನಿಂತ. ಹಿಂದಿನ ಚಪ್ಪಲಿಯೂ ನಿಂತಿತು. ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ, ಆದರೆ ಅವಳು ಉಸಿರು ಹಿಡಿದದ್ದು ಅವನಿಗೆ ಗೊತ್ತಾಯಿತು. ಕೋಲನ್ನು ಮುಂದೆ ಚಾಚಿ ನೆಲ ಕುಟ್ಟಿದ. ಗಟ್ಟಿ ಡಾಂಬರು. ಇನ್ನೂ ಒಂದು ಕುಟ್ಟು, ಗಟ್ಟಿ. ಒಂದು ಹೆಜ್ಜೆ ಇಟ್ಟ, ಎರಡು, ಏಳು. ಎಂಟನೆಯದಕ್ಕೆ ಎತ್ತಿದ ಕಾಲನ್ನು ಹಿಂದಕ್ಕೇ ಇಟ್ಟ. ಎದುರಿನಿಂದ ಬಂದ ಸ್ಕೂಟರು ಅವನನ್ನು ಬಳಸಿಕೊಂಡು ಹೋಯಿತು.

"ಇವತ್ತಿಗೆ ಸಾಕು ಅತ್ತಿಗೆ" ಅಂದ.

"ಹೂಂ" ಅಂದಳು ಅವಳು. ಅವನು ತಿರುಗಿ ಬಂದು ಅವಳನ್ನು ದಾಟಿ ಮನೆಯ ಕಡೆ ನಡೆದ. ಹತ್ತು ಹೆಜ್ಜೆ ಆದ ಮೇಲೆ ಅವಳ ಚಪ್ಪಲಿಯ ಸದ್ದು ಮತ್ತೆ ಶುರುವಾಯಿತು.